ಆಯುಷ್ಮಾನ್ ಕಾರ್ಡಿಗೆ ಪ್ಲಾಸ್ಟಿಕ್ ಸರ್ಜನ್ ಹುಡುಕುವುದು ಹೇಗೆ: ಅಲೆದು ಕಲಿತ ದಾರಿ

ನಮ್ಮ ಅಕ್ಕನ ಮಗಳಿಗೆ ಆಗ ನಾಲ್ಕು ವರ್ಷ. ಬಚ್ಚಲಲ್ಲಿ ಹಂಡೆಯಿಂದ ಆಗಷ್ಟೇ ತೋಡಿಟ್ಟ ಬಿಸಿನೀರಿನ ಬಕೆಟ್ಟಿಗೆ ಬಲಗೈ ಹಾಕಿಬಿಟ್ಟಳು. ಗಾಯ ಎರಡು ತಿಂಗಳಲ್ಲಿ ಮಾಗಿತು. ಸದ್ಯ, ಇಷ್ಟರಲ್ಲೇ ಹೋಯಿತಲ್ಲ ಅಂತ ನಾವು ಸುಮ್ಮನಾದೆವು. ಆಮೇಲೆ ನಿಧಾನಕ್ಕೆ ಉಂಗುರದ ಬೆರಳು, ಕಿರುಬೆರಳು ಎರಡೂ ಅಂಗೈ ಕಡೆಗೆ ಮಡಚಿಕೊಳ್ಳುತ್ತಾ ಬಂದವು. ಅನ್ನ ಕಲಸಿ ತುತ್ತು ಮಾಡಲು ಹೋದರೆ ಅಗುಳೆಲ್ಲ ಆ ಮಡಿಕೆಯೊಳಗೆ ಸಿಕ್ಕಿಕೊಳ್ಳುತ್ತಿತ್ತು. ಊಟ ಆದಮೇಲೆ ಅಕ್ಕ ಸೆರಗಿನ ತುದಿ ಒದ್ದೆ ಮಾಡಿ ಒಂದೊಂದೇ ಅಗುಳು ಬಿಡಿಸಿ ತೆಗೆಯಬೇಕಿತ್ತು.

ಇದಕ್ಕೆ ಪ್ಲಾಸ್ಟಿಕ್ ಸರ್ಜನ್ ಬೇಕು ಅಂತ ತಾಲ್ಲೂಕು ಆಸ್ಪತ್ರೆಯಲ್ಲಿ ಹೇಳಿದಾಗ ನಮ್ಮಮ್ಮ ಕೇಳಿದ ಮೊದಲ ಪ್ರಶ್ನೆ, "ಕೈಗೆ ಪ್ಲಾಸ್ಟಿಕ್ ಹಾಕ್ತಾರಾ?" ಇಲ್ಲ. ಈ ಹೆಸರು ಬಂದಿರುವುದು ಗ್ರೀಕ್ ಭಾಷೆಯ ಒಂದು ಪದದಿಂದ, ರೂಪ ಕೊಡುವುದು ಅಂತ ಅದರ ಅರ್ಥ, ಕುಂಬಾರ ಜೇಡಿಮಣ್ಣಿಗೆ ಕೊಡುತ್ತಾನಲ್ಲ ಹಾಗೆ. ಈ ವಿದ್ಯೆಗೂ ನಮಗೂ ಹಳೇ ನಂಟಿದೆ. ಟಿಪ್ಪು ಜೊತೆಗಿನ ಯುದ್ಧದಲ್ಲಿ ಬ್ರಿಟಿಷರ ಕಡೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್ಜಿ ಎಂಬಾತ ಸೆರೆಸಿಕ್ಕಿ ಮೂಗು ಕಳೆದುಕೊಂಡ. ಪುಣೆಯಲ್ಲಿ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಅವನ ಹಣೆಯ ಚರ್ಮ ಇಳಿಸಿ ಹೊಸ ಮೂಗು ಕಟ್ಟಿಕೊಟ್ಟ. 1794ರಲ್ಲಿ ಇದು ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರದ ಸಮೇತ ಅಚ್ಚಾಯಿತು, ಯುರೋಪಿನ ವೈದ್ಯರು ಅದನ್ನು ನೋಡಿ ಕಲಿತರು. ಇರಲಿ. ನಮ್ಮ ಕಷ್ಟ ಇದ್ದದ್ದು ಆಪರೇಷನ್ ಸಾಧ್ಯವೋ ಇಲ್ಲವೋ ಅನ್ನುವುದರಲ್ಲಿ ಅಲ್ಲ, ಬಿಪಿಎಲ್ ಕಾರ್ಡಿನಲ್ಲಿ ಅದನ್ನು ಮಾಡುವವರು ಎಲ್ಲಿದ್ದಾರೆ ಅನ್ನುವುದರಲ್ಲಿ.

ನಾವು ಮಾಡಿದ ತಪ್ಪು ಹೇಳುತ್ತೇನೆ, ನೀವು ಮಾಡಬೇಡಿ. ಒಂದು ದೊಡ್ಡ ಖಾಸಗಿ ಆಸ್ಪತ್ರೆಗೆ ಫೋನ್ ಮಾಡಿ "ಆಯುಷ್ಮಾನ್ ತಗೊಳ್ತೀರಾ?" ಅಂದೆವು. "ತಗೊಳ್ತೀವಿ ಸರ್." "ಪ್ಲಾಸ್ಟಿಕ್ ಸರ್ಜನ್ ಇದ್ದಾರಾ?" "ಇದ್ದಾರೆ ಸರ್." ಬೆಳಿಗ್ಗೆ ಐದರ ಬಸ್ ಹತ್ತಿ ಮಗು ಎತ್ತಿಕೊಂಡು ಹೋದೆವು. ಮಧ್ಯಾಹ್ನ ಎರಡಕ್ಕೆ ಬಿಲ್ಲಿಂಗ್ ಕೌಂಟರಿನಲ್ಲಿ ಗೊತ್ತಾಯಿತು, ಅವರಲ್ಲಿ ಸ್ಕೀಮ್ ಇರುವುದು ಹೃದಯ ಮತ್ತು ಕಿಡ್ನಿಗೆ ಮಾತ್ರ. ಅವರು ಹೇಳಿದ ಎರಡೂ ಮಾತು ನಿಜವೇ. ಎರಡನ್ನೂ ಕೂಡಿಸಿಕೊಂಡವರು ನಾವು.

ಇಲ್ಲೇ ಇರುವುದು ಗುಟ್ಟು. ಸರ್ಕಾರಿ ಯೋಜನೆಯ ಪಟ್ಟಿಗೆ ಡಾಕ್ಟರ್ ಸೇರುವುದಿಲ್ಲ, ಆಸ್ಪತ್ರೆ ಸೇರುತ್ತದೆ. ಅದೂ ಇಡೀ ಆಸ್ಪತ್ರೆ ಅಲ್ಲ, ಒಂದೊಂದೇ ವಿಭಾಗ. ಹಾಗಾಗಿ "ಒಳ್ಳೇ ಪ್ಲಾಸ್ಟಿಕ್ ಸರ್ಜನ್ ಯಾರು" ಅಂತ ಹುಡುಕಲು ಹೊರಟರೆ ತಿಂಗಳುಗಟ್ಟಲೆ ಅಲೆಯುತ್ತೀರಿ. ಯಾವ ಆಸ್ಪತ್ರೆಗೆ ಯಾವ ವಿಭಾಗದಲ್ಲಿ ಮಾನ್ಯತೆ ಇದೆ ಅಂತ ಮೊದಲು ನೋಡಿ, ಡಾಕ್ಟರ್ ಯಾರು ಅನ್ನುವುದು ಆಮೇಲೆ.

ಮೊದಲು ಮನೆಯಲ್ಲೇ ಮಾಡುವ ಕೆಲಸ

ನಿಮ್ಮ ಹತ್ತಿರ ಇರುವುದು ಯಾವ ಯೋಜನೆ ಅಂತ ಖಚಿತ ಮಾಡಿಕೊಳ್ಳಿ. ಕರ್ನಾಟಕದಲ್ಲಿ 2018ರಲ್ಲಿ ಆರೋಗ್ಯ ಕರ್ನಾಟಕ ಮತ್ತು ಕೇಂದ್ರದ ಆಯುಷ್ಮಾನ್ ಭಾರತ್ ಎರಡನ್ನೂ ಸೇರಿಸಿ ಒಂದೇ ಮಾಡಿದರು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಇದು ಇಡೀ ಮನೆಗೆ ಸೇರಿ, ತಲೆಗೆ ಅಷ್ಟು ಅಲ್ಲ. ಎಪಿಎಲ್ ಆದರೆ ಪ್ಯಾಕೇಜ್ ದರದ, ಅಂದರೆ ಒಂದೊಂದು ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರದ, ಶೇಕಡಾ 30ರಷ್ಟನ್ನು ಸರ್ಕಾರ ಕೊಡುತ್ತದೆ, ಕುಟುಂಬಕ್ಕೆ ವರ್ಷಕ್ಕೆ ಗರಿಷ್ಠ 1.5 ಲಕ್ಷ, ಉಳಿದದ್ದು ನಿಮ್ಮ ಕೈಯಿಂದ. ಎಪಿಎಲ್‌ನವರು ತುಂಬಾ ಜನ ಇದನ್ನು ತಿಳಿಯದೆ "ನಮಗೆ ಏನೂ ಸಿಗಲ್ಲ" ಅಂತ ಕೇಳುವುದೇ ಇಲ್ಲ. ಶೇಕಡಾ 30 ಸಿಕ್ಕರೂ ಸಿಕ್ಕಿತಲ್ವಾ?

ಕಾರ್ಡ್ ಮಾಡಿಸದಿದ್ದರೆ ಗ್ರಾಮ ಒನ್, ಕರ್ನಾಟಕ ಒನ್, ಬೆಂಗಳೂರು ಒನ್ ಕೇಂದ್ರಗಳಲ್ಲಿ ಮಾಡಿಕೊಡುತ್ತಾರೆ. ಆಧಾರ್, ರೇಷನ್ ಕಾರ್ಡ್ ಎರಡೂ ಬೇಕು. ಮಗುವಿನ ಹೆಸರು ರೇಷನ್ ಕಾರ್ಡಿನಲ್ಲಿ ಇದೆಯಾ ನೋಡಿಕೊಳ್ಳಿ. ಹುಟ್ಟಿದಾಗ ಸೇರಿಸೋಣ ಅಂತ ಬಿಟ್ಟಿರುತ್ತೇವೆ, ಬೇಕಾದಾಗ ಸರ್ವರ್ ಕೈ ಕೊಡುತ್ತದೆ. ನಮ್ಮ ಮನೆಯಲ್ಲೂ ಆದದ್ದು ಅದೇ. ಆಧಾರಿನಲ್ಲಿ ಒಂದು ಇನಿಷಿಯಲ್, ರೇಷನ್ ಕಾರ್ಡಿನಲ್ಲಿ ಇನ್ನೊಂದು ಅಂತಿದ್ದರೂ ಈಗಲೇ ಸರಿ ಮಾಡಿಸಿ. ಆಸ್ಪತ್ರೆಯ ಕೌಂಟರಿನಲ್ಲಿ ನಿಂತಾಗ ಅದನ್ನು ಸರಿಮಾಡಲು ಆಗುವುದಿಲ್ಲ.

ಕಾರ್ಖಾನೆ, ಗಾರ್ಮೆಂಟ್ಸ್, ಅಂಗಡಿ ಕೆಲಸದವರು ಸಂಬಳದ ಚೀಟಿ ನೋಡಿ. ತಿಂಗಳಿಗೆ 21,000 ರೂಪಾಯಿ ಒಳಗೆ ಸಂಬಳ ಇದ್ದು ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಅಂತ ಶೇಕಡಾ 0.75 ಹಿಡಿಯುತ್ತಿದ್ದರೆ ನಿಮ್ಮ ದಾರಿಯೇ ಬೇರೆ. ಮೊದಲು ನಿಮ್ಮ ಇಎಸ್‌ಐ ಡಿಸ್ಪೆನ್ಸರಿ, ಅಲ್ಲಿಂದ ಇಎಸ್‌ಐ ಆಸ್ಪತ್ರೆ, ಅಲ್ಲಿ ಆಗದಿದ್ದರೆ ಅವರೇ ಒಪ್ಪಂದ ಇರುವ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಬೆಂಗಳೂರಿನ ರಾಜಾಜಿನಗರ ಮತ್ತು ಕಲಬುರಗಿಯಲ್ಲಿ ಇಎಸ್‌ಐನದೇ ವೈದ್ಯಕೀಯ ಕಾಲೇಜುಗಳಿವೆ. ಇಎಸ್‌ಐನಲ್ಲಿ ಚಿಕಿತ್ಸೆಯ ಖರ್ಚಿಗೆ ಇಷ್ಟೇ ಅಂತ ಮಿತಿ ಇಲ್ಲ, ಮನೆಯವರಿಗೂ ಅನ್ವಯಿಸುತ್ತದೆ. ಆದರೆ ಚೀಟಿ ಇಲ್ಲದೆ ನೇರವಾಗಿ ಖಾಸಗಿಗೆ ಹೋಗಿ ಆಮೇಲೆ ಬಿಲ್ ಹಿಡಿದುಕೊಂಡು ಬಂದರೆ ಅದು ದೊಡ್ಡ ತಲೆನೋವು. ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಇದೆಯಾ ನೋಡಿ. ಅದಕ್ಕೆ ಪ್ರತಿವರ್ಷ ಹಣ ಕಟ್ಟಿ ನೋಂದಾಯಿಸಿಕೊಂಡಿರಬೇಕು, ಬೇಕಾದಾಗ ಹೋಗಿ ಸೇರಲು ಆಗುವುದಿಲ್ಲ.

ಪಟ್ಟಿಯಲ್ಲಿ ಹುಡುಕುವಾಗ ಎಡವುವ ಜಾಗ

ಆಯುಷ್ಮಾನ್ ಜಾಲತಾಣದಲ್ಲಿ ಆಸ್ಪತ್ರೆ ಹುಡುಕುವ ಪುಟ ಇದೆ. ರಾಜ್ಯ, ಜಿಲ್ಲೆ, ಸರ್ಕಾರಿಯೋ ಖಾಸಗಿಯೋ, ವಿಭಾಗ ಅಂತ ಒಂದೊಂದೇ ಆರಿಸುತ್ತಾ ಹೋಗಬಹುದು. ಎಲ್ಲರೂ ವಿಭಾಗದ ಜಾಗದಲ್ಲಿ ಪ್ಲಾಸ್ಟಿಕ್ ಸರ್ಜರಿ ಆರಿಸಿ, ತಮ್ಮ ಜಿಲ್ಲೆಯಲ್ಲಿ ಏನೂ ಬರದಿದ್ದಾಗ ಕೈಚೆಲ್ಲುತ್ತಾರೆ. ಸ್ವಲ್ಪ ತಡೆಯಿರಿ. ಪ್ಲಾಸ್ಟಿಕ್ ಸರ್ಜನ್ ಮಾಡುವ ಕೆಲಸ ಒಂದೇ ಹೆಸರಿನ ಕೆಳಗೆ ಇರುವುದಿಲ್ಲ. ಸುಟ್ಟ ಮೇಲೆ ಚರ್ಮ ಬಿಗಿದು ಕೈಕಾಲು ಮಡಚಿಕೊಂಡಿದ್ದರೆ ಅದು ಆಯುಷ್ಮಾನ್ ಪಟ್ಟಿಯಲ್ಲಿ ಇರುವುದು ಬರ್ನ್ಸ್ ವಿಭಾಗದಲ್ಲಿ. ಸೀಳುತುಟಿ, ಸೀಳಂಗುಳ ಆದರೆ ಬಾಯಿ-ದವಡೆಯ ಸರ್ಜನ್‌ಗಳೂ ಮಾಡುತ್ತಾರೆ, ಆದ್ದರಿಂದ ಓರಲ್ ಅಂಡ್ ಮ್ಯಾಕ್ಸಿಲೋಫೇಶಿಯಲ್ ಅನ್ನುವುದನ್ನೂ ಹಾಕಿ ನೋಡಿ. ಕೈ ಜಜ್ಜಿ ಮೂಳೆ ಮುರಿದು ಚರ್ಮ ಕಿತ್ತಿದ್ದರೆ ಪಾಲಿಟ್ರಾಮಾ (ಒಟ್ಟಿಗೆ ಹಲವು ಪೆಟ್ಟು), ಮೂಳೆ ವಿಭಾಗ. ನಮ್ಮ ಕೆಲಸ ಕೊನೆಗೆ ಆದದ್ದು ಪ್ಲಾಸ್ಟಿಕ್ ಅಂತ ಹುಡುಕಿದಾಗ ಅಲ್ಲ, ಬರ್ನ್ಸ್ ಅಂತ ಹುಡುಕಿದಾಗ.

ಪಕ್ಕದ ಜಿಲ್ಲೆಗಳನ್ನೂ ಹಾಕಿ. ಪ್ಲಾಸ್ಟಿಕ್ ಸರ್ಜನ್‌ಗಳು ಇರುವುದು ಹೆಚ್ಚಾಗಿ ದೊಡ್ಡ ಊರುಗಳಲ್ಲಿ ಮತ್ತು ಮೆಡಿಕಲ್ ಕಾಲೇಜುಗಳಲ್ಲಿ. ಸರ್ಕಾರಿ ಕಡೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಮಹಾಬೋಧಿ ಸುಟ್ಟಗಾಯಗಳ ಕೇಂದ್ರ ಇದೆ, ಹುಬ್ಬಳ್ಳಿಯಲ್ಲಿ ಮೊದಲು ಕಿಮ್ಸ್ ಅನ್ನುತ್ತಿದ್ದ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಟ್ರಸ್ಟ್ ಮತ್ತು ಖಾಸಗಿ ಕಾಲೇಜುಗಳಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್, ಮಣಿಪಾಲದ ಕೆಎಂಸಿ, ಬೆಳಗಾವಿಯ ಕೆಎಲ್‌ಇ ಇವುಗಳಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗಗಳಿವೆ. ಸೀಳುತುಟಿ ಅಂದರೆ ಧಾರವಾಡದ ಎಸ್‌ಡಿಎಂ ಹೆಸರು ಆ ಕಡೆಯವರಿಗೆಲ್ಲ ಗೊತ್ತು. ಮಾನ್ಯತೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಹೋದವರ್ಷ ಪಕ್ಕದ ಮನೆಯವರಿಗೆ ಆಯಿತು ಅಂತ ಹೊರಡಬೇಡಿ, ಹೊರಡುವ ವಾರವೇ ವಿಚಾರಿಸಿ.

ಎಲ್ಲಿ ವಿಚಾರಿಸುವುದು? 104 ಆರೋಗ್ಯ ಸಹಾಯವಾಣಿಗೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಆಯುಷ್ಮಾನ್‌ನದು 14555. ಆದರೆ ನಿಜವಾಗಿ ಕೆಲಸಕ್ಕೆ ಬರುವವರು ಆರೋಗ್ಯ ಮಿತ್ರರು. ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಇವರಿಗೆ ಅಂತಲೇ ಒಂದು ಮೇಜು ಇರುತ್ತದೆ, ಎಷ್ಟೋ ಕಡೆ ಕಂಬದ ಹಿಂದೆ, ಮೆಟ್ಟಿಲ ಕೆಳಗೆ, ಎಕ್ಸ್-ರೇ ರೂಮಿನ ಪಕ್ಕ ಹೀಗೆ ಕಣ್ಣಿಗೆ ಬೀಳದ ಜಾಗದಲ್ಲಿ. ಯಾವ ವಿಭಾಗಕ್ಕೆ ಮಾನ್ಯತೆ ಇದೆ, ಯಾವ ಪ್ಯಾಕೇಜಿಗೆ ಎಷ್ಟು ದಿನದಲ್ಲಿ ಒಪ್ಪಿಗೆ ಬರುತ್ತಿದೆ, ಯಾವ ಡಾಕ್ಟರ್ ಯಾವ ವಾರ ಕೂರುತ್ತಾರೆ, ಎಲ್ಲ ಅವರ ಬಾಯಲ್ಲೇ ಇರುತ್ತದೆ. ನಮ್ಮ ಜಿಲ್ಲಾ ಆಸ್ಪತ್ರೆಯ ಆರೋಗ್ಯ ಮಿತ್ರ ಹುಡುಗಿ ಹತ್ತು ನಿಮಿಷದಲ್ಲಿ ಮೂರು ಆಸ್ಪತ್ರೆಗೆ ಫೋನ್ ಮಾಡಿ ಕೇಳಿದಳು. ನಾವು ಎರಡು ತಿಂಗಳಿಂದ ಹುಡುಕುತ್ತಿದ್ದದ್ದು ಅಲ್ಲಿ ಮುಗಿಯಿತು.

ಫೋನಿನಲ್ಲಿ ಕೇಳಬೇಕಾದದ್ದು ಹೀಗೆ: "ಮಗುವಿಗೆ ಸುಟ್ಟು ಬೆರಳು ಮಡಚಿಕೊಂಡಿದೆ. ನಿಮ್ಮಲ್ಲಿ ಬರ್ನ್ಸ್ ಅಥವಾ ಪ್ಲಾಸ್ಟಿಕ್ ಸರ್ಜರಿ ವಿಭಾಗಕ್ಕೆ ಆಯುಷ್ಮಾನ್ ಮಾನ್ಯತೆ ಈಗ ಇದೆಯಾ? ಈ ಆಪರೇಷನ್ ಇದೇ ಕಾರ್ಡಿನಲ್ಲಿ ಇತ್ತೀಚೆಗೆ ಮಾಡಿದ್ದೀರಾ? ಸರ್ಜನ್ ದಿನಾ ಇರ್ತಾರಾ, ವಾರಕ್ಕೊಮ್ಮೆ ಬರ್ತಾರಾ? ಆರೋಗ್ಯ ಮಿತ್ರರ ಹತ್ತಿರ ಮಾತಾಡಬಹುದಾ?" ಕೊನೆಯ ಪ್ರಶ್ನೆಗೆ ಆ ಕಡೆಯವರು ತಡವರಿಸಿದರೆ ಬಸ್ ಹತ್ತಬೇಡಿ.

ರೆಫರಲ್ ಚೀಟಿ ಬಗ್ಗೆ ಒಂದು ಮಾತು. ನಮ್ಮ ರಾಜ್ಯದ ಯೋಜನೆಯಲ್ಲಿ ಮೊದಲು ಸರ್ಕಾರಿ ಆಸ್ಪತ್ರೆಗೆ ತೋರಿಸಬೇಕು, ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಬರೆದುಕೊಡುತ್ತಾರೆ, ಆಮೇಲೆ ಖಾಸಗಿ. ಈ ಹೆಜ್ಜೆ ಹಾರಿಸಿ ಹೋದವರನ್ನು ವಾಪಸ್ ಕಳಿಸುತ್ತಾರೆ. ತುರ್ತು ಚಿಕಿತ್ಸೆಗೆ ಮಾತ್ರ ಚೀಟಿ ಬೇಕಿಲ್ಲ. ಬೆಂಕಿ ಅವಘಡವೋ, ಬೆರಳು ತುಂಡಾಗಿಯೋ ಬಂದವರನ್ನು ಯಾರೂ ಚೀಟಿ ಕೇಳುವ ಹಾಗಿಲ್ಲ. ಆಸಿಡ್ ದಾಳಿ ಆದವರಿಗಂತೂ ಸರ್ಕಾರಿ ಇರಲಿ ಖಾಸಗಿ ಇರಲಿ, ಪ್ರತಿ ಆಸ್ಪತ್ರೆಯೂ ತಕ್ಷಣ ಉಚಿತವಾಗಿ ಚಿಕಿತ್ಸೆ ಕೊಡಬೇಕು ಅಂತ ಕಾನೂನೇ ಇದೆ.

ಬೆರಳು ತುಂಡಾಗುವ ಮಾತು ಬಂತಲ್ಲ, ಪೀಣ್ಯದಂಥ ಕಡೆ ಪ್ರೆಸ್ ಮೆಷಿನ್ ಮುಂದೆ ನಿಲ್ಲುವವರು ಇದನ್ನು ತಿಳಿದಿರಲೇಬೇಕು. ತುಂಡಾದ ಬೆರಳನ್ನು ನೇರವಾಗಿ ಐಸ್ ಮೇಲೆ ಇಡಬೇಡಿ, ಸತ್ತುಹೋಗುತ್ತದೆ. ಮೆತ್ತಗೆ ತೊಳೆದು, ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ, ಆ ಕವರನ್ನು ಐಸ್ ನೀರಿನಲ್ಲಿಡಿ. ಆಗ ಹುಡುಕಬೇಕಾದದ್ದು ಮೈಕ್ರೋಸರ್ಜರಿ, ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಸಣ್ಣ ರಕ್ತನಾಳ ಜೋಡಿಸುವ ಕೆಲಸ, ಮಾಡುವ ಪ್ಲಾಸ್ಟಿಕ್ ಸರ್ಜನ್. ಯಾವ ಆಸ್ಪತ್ರೆ ಅಂತ ಅಪಘಾತ ಆಗುವ ಮೊದಲೇ ಮೇಸ್ತ್ರಿಗೆ ಗೊತ್ತಿದ್ದರೆ ಒಳ್ಳೆಯದು.

"ಅಂದಕ್ಕೆ ಮಾಡಿಸುವುದು" ಅಂತ ತಿರಸ್ಕಾರ ಆಗದಂತೆ

ಯಾವ ಸರ್ಕಾರಿ ಯೋಜನೆಯೂ ಅಂದ ಹೆಚ್ಚಿಸುವ ಸರ್ಜರಿಗೆ ಹಣ ಕೊಡುವುದಿಲ್ಲ. ಮೂಗು ನೇರ ಮಾಡುವುದು, ಕೂದಲು ನಾಟಿ, ಹೊಟ್ಟೆ ಕೊಬ್ಬು ತೆಗೆಸುವುದು ಎಲ್ಲ ನಿಮ್ಮ ಖರ್ಚು. ಅದು ಸರಿಯೇ. ತೊಂದರೆ ಆಗುವುದು ನಡುವಿನ ಕೇಸುಗಳಲ್ಲಿ. ಕುತ್ತಿಗೆ ಸುಟ್ಟು ಗದ್ದ ಎದೆಗೆ ಅಂಟಿದವರು "ನೋಡಲು ಚೆನ್ನಾಗಿಲ್ಲ, ಮದುವೆ ಆಗ್ತಿಲ್ಲ" ಅಂತ ಡಾಕ್ಟರ ಹತ್ತಿರ ಹೇಳಿಕೊಳ್ಳುತ್ತಾರೆ. ಅವರ ಸಂಕಟ ನಿಜ. ಆದರೆ ಚೀಟಿಯಲ್ಲಿ ಅದನ್ನೇ ಬರೆದರೆ ಟ್ರಸ್ಟಿನ ಅನುಮತಿ ಬರುವುದಿಲ್ಲ. ಏನು ಮಾಡಲು ಆಗುತ್ತಿಲ್ಲ ಅನ್ನುವುದನ್ನು ಹೇಳಿ: ಕುತ್ತಿಗೆ ಎತ್ತಲು ಆಗಲ್ಲ, ರೆಪ್ಪೆ ಪೂರ್ತಿ ಮುಚ್ಚಲ್ಲ, ರಾತ್ರಿ ಕಣ್ಣು ಒಣಗುತ್ತದೆ, ಲೋಟ ಹಿಡಿಯಲು ಆಗಲ್ಲ. ಆಯುಷ್ಮಾನ್ ಪಟ್ಟಿಯಲ್ಲಿ ಸುಟ್ಟು ಬಿಗಿದದ್ದನ್ನು ಬಿಡಿಸುವ ಪ್ಯಾಕೇಜಿನ ಹೆಸರಿನಲ್ಲೇ "ಅಂಗದ ಕೆಲಸ ಸುಧಾರಿಸಲು" ಅನ್ನುವ ಅರ್ಥದ ಮಾತಿದೆ. ನಮ್ಮ ಸರ್ಜನ್ ಅಕ್ಕನಿಗೆ ಕೇಳಿದ್ದು ಒಂದೇ, "ಊಟ ಹೇಗೆ ಮಾಡ್ತಾಳಮ್ಮ?" ಅಕ್ಕ ಅಗುಳಿನ ಕಥೆ ಹೇಳಿದಳು. ಅವರು ಅದನ್ನೇ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದರು.

ಫೋಟೋ ಮುಖ್ಯ. ಟ್ರಸ್ಟಿನಲ್ಲಿ ಕೂತು ಅನುಮತಿ ಕೊಡುವ ಡಾಕ್ಟರ್ ನಿಮ್ಮ ಮಗುವನ್ನು ನೋಡುವುದಿಲ್ಲ, ಫೋಟೋ ಮತ್ತು ವರದಿ ನೋಡುತ್ತಾರೆ. ಕೈ ಪೂರ್ತಿ ಬಿಚ್ಚಲು ಪ್ರಯತ್ನಿಸುತ್ತಿರುವಾಗ ಒಂದು, ಮುಷ್ಟಿ ಕಟ್ಟಿದಾಗ ಒಂದು, ಪಕ್ಕದಿಂದ ಒಂದು ಇರಲಿ. ಬೆಳಕಿಗೆ ತಂದು ತೆಗೆಯಿರಿ. ಮೊದಲ ಗಾಯದ ಡಿಸ್ಚಾರ್ಜ್ ಚೀಟಿ ಇದ್ದರೆ ಅದೂ ಇರಲಿ. ಒಮ್ಮೆ ತಿರಸ್ಕಾರ ಆದರೆ ಮುಗಿಯಿತು ಅಂತಲ್ಲ. ಏನು ಕೊರತೆ ಅಂತ ಬರೆದಿರುತ್ತಾರೆ, ಆಸ್ಪತ್ರೆಯವರು ಅದನ್ನು ಸೇರಿಸಿ ಮತ್ತೆ ಕಳಿಸಬಹುದು. ಕಳಿಸುವಂತೆ ಬೆನ್ನು ಬೀಳಬೇಕಾದವರು ನಾವೇ.

ಡಾಕ್ಟರ್ ಸರಿಯಾದವರಾ?

ಸ್ಕೀಮಿನಲ್ಲಿ ಸಿಕ್ಕಿತು ಅಂತ ಇದನ್ನು ಕೇಳದೆ ಬಿಡಬೇಡಿ. ಎಂಬಿಬಿಎಸ್, ಆಮೇಲೆ ಎಂಎಸ್ ಜನರಲ್ ಸರ್ಜರಿ, ಆಮೇಲೆ ಎಂಸಿಎಚ್ ಪ್ಲಾಸ್ಟಿಕ್ ಸರ್ಜರಿ, ಇಲ್ಲವೇ ಅದೇ ವಿಷಯದಲ್ಲಿ ಡಿಎನ್‌ಬಿ (ಈಗ ಡಿಆರ್‌ಎನ್‌ಬಿ ಅನ್ನುತ್ತಾರೆ) ಇರಬೇಕು. "ಕಾಸ್ಮೆಟಾಲಜಿಸ್ಟ್" ಅಂದರೆ ಪ್ಲಾಸ್ಟಿಕ್ ಸರ್ಜನ್ ಅಲ್ಲ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಪ್ರತಿ ಡಾಕ್ಟರ ಚೀಟಿಯಲ್ಲೂ ಇರಬೇಕು. ಭಾರತದ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘಕ್ಕೂ ತನ್ನದೇ ಜಾಲತಾಣ ಇದೆ. ಜುಲೈ 15 ಅವರ ದಿನ. ಆ ವಾರ ಕೆಲವು ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆ ಶಿಬಿರ ಇಡುತ್ತಾರೆ, ಪೇಪರಿನ ಜಿಲ್ಲಾ ಪುಟದ ಮೂಲೆಯಲ್ಲಿ ಸುದ್ದಿ ಬರುತ್ತದೆ.

ಸೀಳುತುಟಿಯ ಮಗು ಆದರೆ ಇಷ್ಟು ಅಲೆಯಲೇಬೇಕಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಿಂದ ಇದೆ. ಅಂಗನವಾಡಿ, ಶಾಲೆಗೆ ಬಂದು ಮಕ್ಕಳನ್ನು ನೋಡುವ ತಂಡ ಅದೇ. 18 ವರ್ಷದವರೆಗಿನ ಮಕ್ಕಳಿಗೆ ಅನ್ವಯ. ಆಶಾ ಕಾರ್ಯಕರ್ತೆಗೆ ಹೇಳಿದರೆ ಅವರೇ ಜಿಲ್ಲಾ ಆಸ್ಪತ್ರೆಯ ಕೇಂದ್ರಕ್ಕೆ ಕಳಿಸುತ್ತಾರೆ. ಸ್ಮೈಲ್ ಟ್ರೇನ್ ಅನ್ನುವ ಸಂಸ್ಥೆ ತನ್ನ ಜೊತೆ ಸೇರಿದ ಆಸ್ಪತ್ರೆಗಳಲ್ಲಿ ಈ ಆಪರೇಷನ್ ಉಚಿತವಾಗಿ ಮಾಡಿಸುತ್ತದೆ, ಅದಕ್ಕೆ ರೇಷನ್ ಕಾರ್ಡಿನ ಬಣ್ಣ ಬೇಕಿಲ್ಲ. ತುಟಿಗೆ ಸುಮಾರು ಮೂರು ತಿಂಗಳಿಗೆ, ಅಂಗುಳಕ್ಕೆ ಒಂದು ವರ್ಷದ ಆಸುಪಾಸು ಮಾಡುತ್ತಾರೆ, ಮಗುವಿನ ತೂಕ ಮತ್ತು ರಕ್ತ ಸರಿಯಿದ್ದರೆ. ದೊಡ್ಡವನಾದ ಮೇಲೆ ನೋಡೋಣ ಅಂತ ಬಿಟ್ಟರೆ ಮಾತು ಮೂಗಿನಲ್ಲೇ ನಿಲ್ಲುತ್ತದೆ. ಗ್ರಹಣದ ಹೊತ್ತಲ್ಲಿ ತಾಯಿ ಏನೋ ಮಾಡಿದಳು ಅಂತ ಬೈಯುವುದನ್ನೂ ನಿಲ್ಲಿಸಿ, ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ.

ಹಣ ಕೇಳಿದರೆ

ಅಡ್ಮಿಟ್ ಆಗುವ ಮೊದಲಿನ ಹೊರರೋಗಿ ಚೀಟಿ, ಓಡಾಟ, ಜೊತೆಗಿರುವವರ ಊಟ ಇದೆಲ್ಲ ನಮ್ಮದು. ಅಡ್ಮಿಟ್ ಆಗುವ ಮುಂಚಿನ ಮೂರು ದಿನದ ಪರೀಕ್ಷೆ, ಆಪರೇಷನ್, ಔಷಧಿ, ವಾರ್ಡು, ಡಿಸ್ಚಾರ್ಜ್ ಆದಮೇಲೆ ಹದಿನೈದು ದಿನದ ಮಾತ್ರೆ ಇವು ಪ್ಯಾಕೇಜಿನ ಒಳಗೆ. ಸುಟ್ಟು ಬಿಗಿದದ್ದನ್ನು ಬಿಡಿಸುವ ಪ್ಯಾಕೇಜಿನಲ್ಲಿ ಸ್ಪ್ಲಿಂಟ್ (ಬೆರಳು ಮತ್ತೆ ಮಡಚದಂತೆ ಹಿಡಿಯುವ ಪಟ್ಟಿ), ಬಿಗಿ ಕೈಗವಸು, ಸಿಲಿಕೋನ್ ಹಾಳೆ, ಫಿಸಿಯೋಥೆರಪಿ ಕೂಡ ಸೇರಿದೆ. ಇದು ಯಾರೂ ತಾವಾಗಿ ಹೇಳುವುದಿಲ್ಲ. ನಮಗೆ ಹೊರಗಿನ ಅಂಗಡಿಯ ಚೀಟಿ ಬರೆದುಕೊಟ್ಟಿದ್ದರು. "ಇದು ಪ್ಯಾಕೇಜಿನಲ್ಲಿ ಇದೆಯಂತಲ್ಲ?" ಅಂತ ಮೆಲ್ಲಗೆ ಕೇಳಿದೆ. ಚೀಟಿ ವಾಪಸ್ ಹೋಯಿತು, ಸಂಜೆಗೆ ಸ್ಪ್ಲಿಂಟ್ ವಾರ್ಡಿಗೇ ಬಂತು. ಜಗಳ ಬೇಕಾಗಲಿಲ್ಲ.

ಬಿಪಿಎಲ್‌ನವರಿಂದ "ಸ್ವಲ್ಪ ಮೇಲೆ ಕೊಡಿ" ಅಂತ ಕೇಳುವ ಹಾಗಿಲ್ಲ. ಕೇಳಿದರೆ ರಸೀದಿ ಕೇಳಿ. ರಸೀದಿ ಅಂದ ಕೂಡಲೇ ಅರ್ಧ ಕಡೆ ಮಾತು ಬದಲಾಗುತ್ತದೆ. ಆಗದಿದ್ದರೆ ಆರೋಗ್ಯ ಮಿತ್ರ, ಆಮೇಲೆ ಟ್ರಸ್ಟಿನ ಜಿಲ್ಲಾ ಸಂಯೋಜಕರು, ಅಥವಾ 14555ಕ್ಕೆ ದೂರು. ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಆಪರೇಷನ್ ಆದಮೇಲಿನದನ್ನು ಮೊದಲೇ ಕೇಳಿಕೊಳ್ಳಿ. ತೊಡೆಯಿಂದ ಚರ್ಮ ತೆಗೆದು ಅಂಗೈಗೆ ಹಾಕಿದರು, ತೊಡೆಯ ಗಾಯವೇ ಕೈಗಿಂತ ಜಾಸ್ತಿ ಉರಿಯಿತು ಮಗುವಿಗೆ. ಅದನ್ನು ಯಾರಾದರೂ ಮುಂಚೆ ಹೇಳಿದ್ದರೆ ಅಕ್ಕ ಅಷ್ಟು ಹೆದರುತ್ತಿರಲಿಲ್ಲ. ಸ್ಪ್ಲಿಂಟ್ ತಿಂಗಳುಗಟ್ಟಲೆ ಹಾಕಬೇಕು, ರಾತ್ರಿ ಮಕ್ಕಳು ಬಿಚ್ಚಿ ಎಸೆಯುತ್ತಾರೆ. ನಾವು ಮೇಲೆ ಹಳೇ ಕಾಲುಚೀಲ ಹಾಕಿ ಪಿನ್ ಬದಲು ದಾರದಲ್ಲಿ ಹೊಲಿದುಬಿಡುತ್ತಿದ್ದೆವು, ಬೆಳಿಗ್ಗೆ ಕತ್ತರಿ. ಮಕ್ಕಳು ಬೆಳೆದಂತೆ ಹೊಲಿಗೆ ಜಾಗದ ಚರ್ಮ ಅಷ್ಟೇ ಬೆಳೆಯುವುದಿಲ್ಲ, ಇನ್ನೊಂದು ಆಪರೇಷನ್ ಬೇಕಾಗಬಹುದು. ಆಗ ಮತ್ತೆ ಹೊಸ ಅನುಮತಿ, ಹೊಸ ಫೋಟೋ. ಹಾಗಾಗಿ ಡಿಸ್ಚಾರ್ಜ್ ಚೀಟಿಯನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಅದರ ಹಿಂದೆ ಡಾಕ್ಟರ್ ಇನ್ನೂ ಬರೆಯುವುದಿರುತ್ತದೆ. ಮೂರು ಜೆರಾಕ್ಸ್ ತೆಗೆಸಿ, ಒಂದು ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ.